ನೂರಕ್ಕೆ ಒಂಬತ್ತು

ನೆನೆಹಾಕಿದ್ದ ಅವರೆಕಾಳು ಹಿತುಕುತ್ತ ಪಡಸಾಲೆಯಲ್ಲಿ ಕೂತಿದ್ದೆ. ಈ ಕೆಲಸಕ್ಕೆ ಕಣ್ಣು ಬೇಡ, ತಲೆಯೂ ಬೇಡ. ಹೆಬ್ಬೆರಳು ಒತ್ತಿದರೆ ಕಾಳು ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಕಾಳು ದಾರಿ ತಪ್ಪಿ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಶ್ವೇತನ ಲ್ಯಾಪ್‌ಟಾಪಿನ ಮೇಲೆ ಬೀಳುತ್ತಿತ್ತು.

“ಅಜ್ಜೀ, ಇದು ಕಂಪ್ನಿ ಲ್ಯಾಪ್‌ಟಾಪು ಕಣಜ್ಜಿ. ಒಳಗೆ ಅವರೆಕಾಳು ಹೋದ್ರೆ ನನ್ ಸಂಬಳದಲ್ಲಿ ಹಿಡ್ಕೋತಾರೆ.”

“ಹಂಗಾದ್ರೆ ನೀನೂ ನಾಕು ಕಾಳು ಹಿತುಕು. ಬೇಗ ಮುಗೀತದೆ, ನಿನ್ ಸಂಬಳನೂ ಉಳೀತದೆ.”

ಅವಳು ಹಿತುಕಲಿಲ್ಲ. ಬಿದ್ದ ಕಾಳನ್ನು ಬಾಯಿಗೆ ಹಾಕಿಕೊಂಡು ಮತ್ತೆ ಪರದೆಯನ್ನೇ ದಿಟ್ಟಿಸಿದಳು. ಒಳಗೆ ಸೊಸೆ ಅರುಣಾ ಕರೆಂಟ್ ಮಗ್ಗ ಓಡಿಸುತ್ತಿದ್ದಳು. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಮಗ್ಗದ ಸದ್ದಿರುವುದರಿಂದ ಮಾತಾಡುವವರು ಒಂದು ಸ್ವರ ಏರಿಸಿಯೇ ಮಾತಾಡುತ್ತೇವೆ. ದೊಡ್ಡಬಳ್ಳಾಪುರದವರು ಜಗಳಗಂಟರು ಎಂದು ಹೊರಗಿನವರು ತಿಳಿಯುವುದು ಇದಕ್ಕೇ ಇರಬೇಕು.

ಶ್ವೇತನದು ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಬರೆಯುವ ಕೆಲಸ’ ಎಂದುಬಿಡುತ್ತೇನೆ. ಬಿಡಿಸಿ ಹೇಳಬೇಕೆಂದರೆ ಹೀಗೆ: ಬೆಂಗಳೂರಿನಲ್ಲಿ ಒಂದು ಕಂಪನಿ. ಕ್ರಿಪ್ಟೊ ಎಂದು ಒಂದು ಬಗೆಯ ದುಡ್ಡಿದೆಯಲ್ಲ, ಕೈಗೆ ಸಿಗದ್ದು, ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಓಡಾಡುವ ಕಾಯಿನ್ನು, ಅದನ್ನು ಕೊಂಡವರು ಈ ಕಂಪನಿಯಲ್ಲಿ ಠೇವಣಿ ಇಟ್ಟರೆ ಕಂಪನಿ ಬಡ್ಡಿ ಕೊಡುತ್ತದೆ. ಅದರ ಕನ್ನಡದ ಬರವಣಿಗೆಯೆಲ್ಲ ನಮ್ಮ ಹುಡುಗಿಯದು. ವಾರಕ್ಕೊಮ್ಮೆ ಬಸ್ಸು ಹತ್ತಿ ಆಫೀಸಿಗೆ ಹೋಗಿಬರುತ್ತಾಳೆ, ಉಳಿದ ದಿನ ಪಡಸಾಲೆಯೇ ಆಫೀಸು.

ಕನ್ನಡದ ಗಿರಾಕಿಗಳಿಗೆಲ್ಲ ಒಂದು ಕಾಗದ ಹೋಗಬೇಕಿತ್ತು. ಕಾಗದವೆಂದರೆ ಕಾಗದವಲ್ಲ, ಇ-ಮೇಲು. ನಾನು ಕಾಗದವೆಂದೇ ಅನ್ನುತ್ತೇನೆ. ಹೊಸ ಠೇವಣಿ ಬಂದಿದೆ, ಇಷ್ಟು ಬಡ್ಡಿ, ಬನ್ನಿ ಎಂದು ಕರೆಯುವ ಕಾಗದ. ದಸರೆಗೆ ಹೋಗಬೇಕಾಗಿದ್ದದ್ದು ದೀಪಾವಳಿ ಕಳೆದು ಅವರೆ ಕಾಲ ಬಂದರೂ ಹೋಗಿರಲಿಲ್ಲ. ಮೊದಮೊದಲು ಮೇಲಿನವರು ಬಡ್ಡಿಯ ದರ ಬದಲಿಸಿ ತಡ ಮಾಡಿದರು. ಈಗ ಎಲ್ಲರೂ ಒಪ್ಪಿದ ಮೇಲೆ ಶ್ವೇತನೇ ತಡ ಮಾಡುತ್ತಿದ್ದಳು. ಕಾಗದದ ಕೊನೆಯಲ್ಲಿ ಅವಳ ಹೆಸರು ಬರುತ್ತದಂತೆ. ಮೊದಲ ಸಲ.

“ಏನೋ ಸರಿಯಿಲ್ಲಜ್ಜಿ ಇದ್ರಲ್ಲಿ. ಏನೂಂತ ಗೊತ್ತಾಗ್ತಿಲ್ಲ. ನನ್ ಹೆಸರು ಹಾಕ್ಕೊಂಡು ಕಳ್ಸೋಕೆ ಕೈ ಬರ್ತಿಲ್ಲ. ಆ ಮೋಕ್ಷಿತ್ ಬೇರೆ ಈ ವಾರ ಹೋಗ್ಲೇಬೇಕು, ಇಲ್ದಿದ್ರೆ ಬೇರೆಯವ್ರ ಕೈಲಿ ಬರೆಸ್ತೀನಿ ಅಂತಾನೆ.”

ಮೋಕ್ಷಿತ್ ಎಂಬವನು ಅವಳ ಮೇಲಿನ ಅಧಿಕಾರಿ. ಹೊಸಕೋಟೆಯ ಹುಡುಗ. ಅವಳಿಗಿಂತ ಎರಡೋ ಮೂರೋ ವರ್ಷ ದೊಡ್ಡವನು.

“ಓದು, ನೋಡೋಣ,” ಎಂದೆ.

ಅವಳು ಗಂಟಲು ಸರಿಮಾಡಿಕೊಂಡಳು. “ನಿಮ್ಮ ಕ್ರಿಪ್ಟೊ ಸುಮ್ಮನೆ ಮಲಗಿದೆಯೇ? ಎಬ್ಬಿಸಿ! ಶೇಕಡಾ ಒಂಬತ್ತರವರೆಗೆ ಬಡ್ಡಿ ಗಳಿಸಿ!”

“ದುಡ್ಡನ್ನ ಯಾಕೆ ಎಬ್ಬಿಸ್ತೀಯೆ? ಮಲಗಿದ್ರೆ ಮಲಗಿರ್ಲಿ ಬಿಡು. ಎದ್ರೆ ಖರ್ಚಾಗ್ತದೆ.”

“ಅಜ್ಜೀ!”

“ಸರಿ ಸರಿ, ತೋರ್ಸು ಇಲ್ಲಿ.”

ಸೆರಗಿಗೆ ಕೈಯೊರೆಸಿಕೊಂಡು ಪರದೆ ನೋಡಿದೆ. ಮಕ್ಕಳಾದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಓದು ನನ್ನದು. ನಿಧಾನ, ಆದರೆ ಬಿಡದೆ ಓದುತ್ತೇನೆ. ಒಂಬತ್ತು ಎಂಬ ಅಂಕಿ ಕುಂಬಳಕಾಯಿಯಷ್ಟು ದಪ್ಪಗಿತ್ತು. ಅದರ ಹೆಗಲ ಮೇಲೊಂದು ಪುಟ್ಟ ನಕ್ಷತ್ರ. ತೀರ ಕೆಳಗೆ ಇರುವೆ ಹರಿದ ಹಾಗೆ ಎರಡು ಸಾಲು. ಎಷ್ಟು ಕಣ್ಣು ಕಿರಿದು ಮಾಡಿದರೂ ಅದು ನನಗೆ ಅಕ್ಷರವಾಗಲಿಲ್ಲ.

“ಇದೇನೆ ಇದು, ಕೆಳಗೆ?”

“ಅದು ಷರತ್ತು ಅಜ್ಜಿ. ಅದನ್ನ ಯಾರೂ ಓದಲ್ಲ.”

“ಯಾರೂ ಓದದೆ ಇರೋದನ್ನ ಯಾಕೆ ಬರೀತೀರ?”

“ಬರೀಲೇಬೇಕು ಅಂತ ರೂಲ್ಸು.”

ನಾನು ಮತ್ತೆ ಒಂಬತ್ತಕ್ಕೆ ಬಂದೆ. “ನಿಜವಾಗ್ಲೂ ನೂರಕ್ಕೆ ಒಂಬತ್ತು ಕೊಡ್ತಾರೇನೆ?”

“ಅದೇನ್ ಮಹಾ ಬಿಡಜ್ಜಿ. ಬೇರೆ ಕಂಪ್ನಿಯವ್ರು ಹನ್ನೆರಡು ಅಂತಾರೆ.”

ನನ್ನ ಕೈಯಲ್ಲಿದ್ದ ಕಾಳು ಜಾರಿ ಎಲ್ಲಿಗೋ ಹೋಯಿತು. ನಮ್ಮ ಕಡೆ ಕೈಸಾಲದ ಬಡ್ಡಿ ಎಂದರೆ ತಿಂಗಳದ್ದು. ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ. ತಿಂಗಳಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆಯೇ ಗೊತ್ತು. ಬ್ಯಾಂಕಿನವರ ಲೆಕ್ಕವೊಂದೇ ವರ್ಷದ್ದು, ಅದು ಬ್ಯಾಂಕಿನ ಒಳಗೆ ಮಾತ್ರ. ಹೊರಗೆ, ನೂಲಿನ ಅಂಗಡಿಯವನ ಹತ್ತಿರವಾಗಲಿ ಸೀರೆ ಸಾಹುಕಾರನ ಹತ್ತಿರವಾಗಲಿ, ತಿಂಗಳದ್ದೇ. ಹಾಗಾಗಿ ನಾನು ತಿಂಗಳಿಗೆ ಒಂಬತ್ತೆಂದು ತಿಳಿದೆ. ಅವಳು ವರ್ಷಕ್ಕೆ ಒಂಬತ್ತೆಂಬ ಅರ್ಥದಲ್ಲಿ ಹೇಳಿದ್ದಳು. ಇಬ್ಬರೂ ಒಂದೇ ಅಂಕಿ ಹೇಳುತ್ತಿದ್ದುದರಿಂದ ಇಬ್ಬರಿಗೂ ಅನುಮಾನ ಬರಲಿಲ್ಲ. ಇಂಥಾ ಕಂಪನಿಗೆ ಸೇರಿದ ನಮ್ಮ ಹುಡುಗಿಯ ಅದೃಷ್ಟ ದೊಡ್ಡದು ಎಂದುಕೊಂಡು ಅವಳ ಕೆನ್ನೆ ಸವರಿದೆ. ಕೆನ್ನೆಗೆ ಅವರೆ ಸಿಪ್ಪೆ ಅಂಟಿತು.

ಅಷ್ಟರಲ್ಲಿ ನನ್ನ ತಮ್ಮ ರಾಮಲಿಂಗಯ್ಯ ಬಂದ. ಹಿಂದಿನ ಬೀದಿಯಲ್ಲೇ ಅವನ ಮನೆ. ಎರಡು ಮಗ್ಗ, ಅವನು, ಅವನ ಹೆಂಡತಿ. ಅರವತ್ತೈದು ದಾಟಿದರೂ ತಾನೇ ಮಗ್ಗದ ಮುಂದೆ ನಿಲ್ಲುತ್ತಾನೆ. ಆ ದಿನ ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲಿ ಅರ್ಧ ಕೆಜಿ ಮೈಸೂರು ಪಾಕು ಹಿಡಿದುಕೊಂಡು ಬಂದಿದ್ದ.

“ಏನೋ, ಯಾರಿಗೋ ಹೆಣ್ಣು ನೋಡೋಕೆ ಹೊರಟಂಗೆ ಇದೀಯ?” ಎಂದೆ.

“ನಂಗೇ ನೋಡು ಅಕ್ಕ. ನಿನ್ ನಾದಿನಿ ಒಪ್ಪಿದ್ರೆ ಇನ್ನೊಂದಾಗ್ತೀನಿ.” ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ಶ್ವೇತನ ಬಾಯಿಗೇ ಇಟ್ಟ. “ತಿನ್ನವ್ವ, ತಿನ್ನು. ಇದು ನಿಂದೇ.”

“ಏನ್ ವಿಶೇಷ ತಾತ?” ಎಂದಳು ಅವಳು ಬಾಯಿ ತುಂಬಿಕೊಂಡು.

“ಮಗ್ಗ ಮಾರ್ಬಿಟ್ಟೆ. ಎರಡೂನೂವೆ.”

ಒಳಗೆ ಮಗ್ಗದ ಸದ್ದು ನಿಂತಿತು. ಅರುಣಾ ಬಾಗಿಲಿಗೆ ಬಂದು ನಿಂತಳು. ಎಂಥಾ ಗದ್ದಲದಲ್ಲೂ ಇಂಥ ಮಾತು ಅವಳಿಗೆ ಕೇಳಿಸುತ್ತದೆ.

“ಇನ್ನು ಸಾಕು ಕಣಕ್ಕ,” ಎಂದ ಅವನು ನನ್ನ ಕಡೆ ತಿರುಗಿ. “ಮಂಡಿ ಕೇಳ್ತಿಲ್ಲ, ಕಿವಿ ಕೇಳ್ತಿಲ್ಲ. ಬಾಶೆಟ್ಟಿಹಳ್ಳಿ ಹತ್ರ ಬೀರೇಶ್ ಅಂತ ಮಗ್ಗದ ಶೆಡ್ ಹಾಕವ್ನೆ. ಮುಂಗಡ ಕೊಟ್ಟವ್ನೆ, ನಾಳೆ ಬೆಳಿಗ್ಗೆ ಟೆಂಪೊ ತರ್ತಾನೆ. ಮಗ್ಗದ ದುಡ್ಡು, ಚೀಟಿ ದುಡ್ಡು ಎಲ್ಲ ಸೇರಿದ್ರೆ ಎರಡು ಲಕ್ಷ. ತಗೊಂಡೋಗಿ ನಮ್ ಹುಡುಗಿ ಕಂಪ್ನೀಲಿ ಇಟ್ಬಿಡ್ತೀನಿ.”

“ನಮ್ ಕಂಪ್ನೀಲಾ? ನಿಂಗೆ ಹೇಗೆ ಗೊತ್ತು ತಾತ?”

“ಗ್ರೂಪಲ್ಲಿ ಹಾಕಿದ್ಯಲ್ಲವ್ವ ಪಟ! ‘ನಾನು ಮಾಡಿದ್ದು’ ಅಂತ!”

ಹೋದ ವಾರ ಮನೆಯವರ ವಾಟ್ಸಾಪ್ ಗುಂಪಿಗೆ ಅವಳು ಜಾಹೀರಾತಿನ ಚಿತ್ರ ಹಾಕಿದ್ದಳು. ಕಾಗದದ ಜೊತೆ ಹೋಗಬೇಕಾದದ್ದು. ಅದೇ ಕುಂಬಳಕಾಯಿಯಂಥ ಒಂಬತ್ತು, ಅದೇ ಇರುವೆ ಸಾಲು. ನಾವೆಲ್ಲ ಚಪ್ಪಾಳೆಯ ಗುರುತು ಕಳಿಸಿದ್ದೆವು.

“ಎರಡು ಲಕ್ಷಕ್ಕೆ ಹದಿನೆಂಟು ಸಾವಿರ ಬರ್ತದಲ್ಲವ್ವ?”

“ಲೆಕ್ಕಕ್ಕೆ ಬರ್ತದೆ ತಾತ, ಆದ್ರೆ...”

“ಕೇಳುದ್ಯಾ ಅಕ್ಕ? ಬರ್ತದಂತೆ!” ಅವನು ತೊಡೆ ತಟ್ಟಿಕೊಂಡ. “ನನ್ ಜೀವಮಾನದಲ್ಲಿ ಮೂರು ರೂಪಾಯಿ ಬಡ್ಡಿ ಕೇಳಿದ್ದೆ, ಐದು ಕೇಳಿದ್ದೆ. ಒಂಬತ್ತು ಕೊಡೋರ್ನ ಇವತ್ತು ನೋಡ್ತಿದೀನಿ. ಕೊಡ್ಲಿ ಬಿಡು. ಅವ್ರಿಗೇನು ನೂಲು ತರ್ಬೇಕಾ, ಬಣ್ಣ ಹಾಕ್ಬೇಕಾ? ಫೋನಲ್ಲೇ ಇರೋ ದುಡ್ಡು.” ಆಮೇಲೆ ಸ್ವಲ್ಪ ಬಾಗಿ, ಗುಟ್ಟು ಕೇಳುವವನಂತೆ ಕೇಳಿದ: “ಒಂದೇ ಒಂದು ಹೇಳವ್ವ. ಒಂದನೇ ತಾರೀಕಿಗೆ ಬರ್ತದಾ, ಐದನೇ ತಾರೀಕಿಗಾ? ಕರೆಂಟ್ ಬಿಲ್ಲು ಕಟ್ಟೋಕೆ ಇಷ್ಟ್ರೊಳಗೆ ಅಂತ ಇರ್ತದಲ್ಲ.”

“ಯಾವ ಒಂದನೇ ತಾರೀಕು?”

“ಪ್ರತಿ ತಿಂಗಳೂ ಕಣವ್ವ! ಹದಿನೆಂಟು ಸಾವಿರ.”

ಶ್ವೇತ ಮೈಸೂರು ಪಾಕು ಅಗಿಯುವುದನ್ನು ನಿಲ್ಲಿಸಿದಳು.

“ತಾತ,” ಎಂದಳು ಮೆಲ್ಲಗೆ. “ಅದು ವರ್ಷಕ್ಕೆ.”

“ಏನು ವರ್ಷಕ್ಕೆ?”

“ಒಂಬತ್ತು. ವರ್ಷಕ್ಕೆ ಒಂಬತ್ತು. ಎರಡು ಲಕ್ಷಕ್ಕೆ ಒಂದು ವರ್ಷಕ್ಕೆ ಹದಿನೆಂಟು ಸಾವಿರ.”

ರಾಮಲಿಂಗ ನಕ್ಕ. ಅವಳು ನಗಲಿಲ್ಲ. ಅವನು ನನ್ನ ಮುಖ ನೋಡಿದ. ನಾನೂ ತಿಂಗಳದ್ದೆಂದೇ ತಿಳಿದಿದ್ದೆ. ಅವನು ಬಾಯೊಳಗೇ ಲೆಕ್ಕ ಹಾಕಿದ.

“ಅಂದ್ರೆ... ನೂರಕ್ಕೆ ತಿಂಗಳಿಗೆ ಮುಕ್ಕಾಲು ರೂಪಾಯಿ?”

“ಹೂಂ.”

“ಮುಕ್ಕಾಲು ರೂಪಾಯಿ ಬಡ್ಡಿ! ಇದಕ್ಕೆ ಇಷ್ಟು ದಪ್ಪ ಒಂಬತ್ತು ಬರೆಯೋದಾ? ಎಲ್ಲಿ ಬರ್ದಿದೀಯ ವರ್ಷ ಅಂತ?”

ಅವಳು ಪರದೆಯ ತಳದ ಇರುವೆ ಸಾಲಿನ ಮೇಲೆ ಬೆರಳಿಟ್ಟಳು. ರಾಮಲಿಂಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ‘ವಾರ್ಷಿಕ’ ಎಂಬ ಪದ ಅಲ್ಲಿತ್ತು. ಇಲ್ಲವೆನ್ನುವಂತಿಲ್ಲ.

“ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ ಅಂತ ಚಿಕ್ಕೋಳಿಂದ ಕೇಳಿದೀನಿ,” ಎಂದಳು ಶ್ವೇತ. “ಆದ್ರೂ ಹೊಳೀಲಿಲ್ಲ. ಅದು ಮನೆ ಲೆಕ್ಕ, ಇದು ಆಫೀಸ್ ಲೆಕ್ಕ ಅಂತ ಬೇರೆ ಬೇರೆ ಇಟ್ಕೊಂಡ್ಬಿಟ್ಟಿದ್ದೆ.” ಅವಳ ಕಣ್ಣಲ್ಲಿ ನೀರು ತುಂಬಿತು. “ಇನ್ನೂ ಇದೆ ತಾತ. ಆ ಒಂಬತ್ತೂ ಎಲ್ಲರಿಗೂ ಇಲ್ಲ. ಒಂದು ವರ್ಷ ಮುಟ್ಟದೆ ಇಟ್ರೆ ಮಾತ್ರ. ಇಲ್ದಿದ್ರೆ ನಾಕೇ. ಮತ್ತೆ ಬಡ್ಡಿ ಕೊಡೋದು ರೂಪಾಯೀಲಲ್ಲ, ಕಾಯಿನ್ನಲ್ಲಿ.”

“ಕಾಯಿನ್ನಲ್ಲಿ ಅಂದ್ರೆ?”

“ನೂರು ಕಾಯಿನ್ ಇಟ್ರೆ ವರ್ಷ ಕಳೆದ್ಮೇಲೆ ನೂರ ಒಂಬತ್ತು ಕಾಯಿನ್ ಕೊಡ್ತಾರೆ. ಆವತ್ತು ಕಾಯಿನ್ ಬೆಲೆ ಏನಿರ್ತದೋ ಅದು.”

ರಾಮಲಿಂಗ ಗೋಡೆಗೊರಗಿದ. “ನೂರು ಸೀರೆ ಕೊಟ್ಟು ನೂರ ಒಂಬತ್ತು ಸೀರೆ ಇಸ್ಕೊಂಡಂಗೆ. ಅಷ್ಟರಲ್ಲಿ ಸೀರೆ ರೇಟು ಬಿದ್ಹೋಗಿದ್ರೆ?”

“ಇಟ್ಟಿದ್ದಕ್ಕಿಂತ ಕಮ್ಮಿ ಬರ್ತದೆ. ಅರ್ಧನೂ ಬರ್ದೇ ಇರ್ಬಹುದು.”

ಅರುಣಾ ಬಾಗಿಲಲ್ಲಿ ನಿಂತೇ, “ಮಾಮ, ಮೊದ್ಲು ಆ ಬೀರೇಶಂಗೆ ಫೋನ್ ಮಾಡಿ. ನಾಳೆ ಟೆಂಪೊ ಬಂದ್ಮೇಲೆ ಆಡೋ ಮಾತಲ್ಲ ಇದು,” ಎಂದಳು.

ಅವನಿಗೆ ಫೋನು ಮಾಡಲು ಮನಸ್ಸಾಗಲಿಲ್ಲ. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮಪ್ಪನ ಕಾಲದಿಂದಲೂ ನಮ್ಮ ಮನೆಯವರ ಕೈಲಾಗದ ಕೆಲಸ. ಫೋನನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಕೊನೆಗೆ ಶ್ವೇತನೇ ಅದನ್ನು ಇಸಿದುಕೊಂಡಳು.

“ಅಣ್ಣ, ನಾನು ರಾಮಲಿಂಗಯ್ಯನವ್ರ ಮೊಮ್ಮಗಳು. ಅವ್ರು ಮಗ್ಗ ಮಾರಲ್ಲ. ಇಲ್ಲ ಅಣ್ಣ, ಜಾಸ್ತಿ ರೇಟಿಗಲ್ಲ. ನಾನು ಒಂದು ವಿಷಯ ತಪ್ಪಾಗಿ ತಿಳಿಯೋ ಥರ ಬರ್ದಿದ್ದೆ, ಅವ್ರು ಅದನ್ನ ನಂಬಿದ್ರು. ತಪ್ಪು ನಂದು.”

ಆ ಕಡೆಯಿಂದ ಬಹಳ ಹೊತ್ತು ಬೈಗುಳ ಬಂತು. ಅವಳು ‘ಹೂಂ ಅಣ್ಣ, ಹೂಂ ಅಣ್ಣ’ ಎಂದು ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಮುಂಗಡ ವಾಪಸು ಕೊಡುವುದು, ಗೊತ್ತುಮಾಡಿದ್ದ ಟೆಂಪೊ ಬಾಡಿಗೆಯನ್ನೂ ಕೊಡುವುದು ಎಂದು ತೀರ್ಮಾನವಾಯಿತು.

“ಬಾಡಿಗೆ ನಾನ್ ಕೊಡ್ತೀನಿ ತಾತ,” ಎಂದಳು ಫೋನಿಟ್ಟು.

“ಸುಮ್ನಿರವ್ವ. ಬಂದ್ಬಿಟ್ಲು ಸಾಹುಕಾರ್ತಿ.” ಅವನ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಮೈಸೂರು ಪಾಕಿನ ಪೊಟ್ಟಣವನ್ನು ಅವಳ ಕಡೆ ತಳ್ಳಿದ. “ತಿನ್ನು. ತಂದಾಗಿದೆ, ಇನ್ನೇನ್ ಮಾಡೋದು. ನಾನಾದ್ರೆ ನಿನ್ ತಾತ. ಬಂದು ತಾರೀಕು ಕೇಳ್ದೆ. ಕಾಗದ ನೋಡಿದ ಬೇರೆಯವ್ರು ಯಾರನ್ನ ಕೇಳ್ಬೇಕು?”

ಅವನು ಅದನ್ನು ಚುಚ್ಚಲು ಹೇಳಿದ್ದಲ್ಲ. ಆದರೆ ಶ್ವೇತ ಲ್ಯಾಪ್‌ಟಾಪನ್ನು ತೊಡೆಯ ಮೇಲೆಳೆದುಕೊಂಡಳು.

“ತಾತ, ಹೋಗ್ಬೇಡ. ಇಲ್ಲೇ ಕೂತ್ಕೊ. ಅಜ್ಜಿ, ನೀನೂವೆ. ನಾನು ಒಂದೊಂದೇ ಸಾಲು ಬರ್ದು ಓದ್ತೀನಿ. ಎಲ್ಲಿ ಅರ್ಥ ಆಗಲ್ವೋ ಅಲ್ಲಿ ನಿಲ್ಸಿ.”

ಆ ಮಧ್ಯಾಹ್ನ ನಾವು ಮೂವರು ಮಾಡಿದ್ದು ಅದನ್ನೇ. ಅವಳು ಒಂದು ಸಾಲು ಓದುವಳು, ನಾನು ಅದನ್ನು ನನ್ನ ಮಾತಿನಲ್ಲಿ ತಿರುಗಿ ಹೇಳುವೆನು. ನಾನು ಹೇಳಿದ್ದಕ್ಕೂ ಅವಳ ಮನಸ್ಸಿನಲ್ಲಿದ್ದದ್ದಕ್ಕೂ ತಾಳೆಯಾಗದಿದ್ದರೆ ಆ ಸಾಲು ಅಳಿಸಿಹೋಗುವುದು. ‘ಒಂಬತ್ತರವರೆಗೆ’ ಎಂದಾಗ ರಾಮಲಿಂಗ, “ವರೆಗೆ ಅಂದ್ರೆ ಎಲ್ಲಿಂದ?” ಎಂದ. ಅವಳಿಗೆ ನಗು ಬಂತು, ‘ನಾಲ್ಕರಿಂದ’ ಎಂದು ಸೇರಿಸಿದಳು. ಆಮೇಲೆ ಅದೂ ಸಾಲದೆಂದು, ಯಾರಿಗೆ ನಾಲ್ಕು, ಯಾರಿಗೆ ಒಂಬತ್ತು ಎಂದು ಬಿಡಿಸಿ ಬರೆದಳು. ‘ದರಗಳು ಪರಿಷ್ಕರಣೆಗೆ ಒಳಪಟ್ಟಿರುತ್ತವೆ’ ಎಂಬ ಸಾಲನ್ನು ನಾನು ತಿರುಗಿ ಹೇಳಲಾರದೆ ಕೂತೆ.

“ದರ ಬದ್ಲಾಗ್ಬಹುದು ಅಂತ ಅಜ್ಜಿ.”

“ಯಾರು ಬದ್ಲಾಯಿಸ್ತಾರೆ?”

“ನಾವೇ. ಕಂಪ್ನಿ.”

“ಹಂಗಂತ ಹೇಳು. ತಾನೇ ಬದ್ಲಾಗೋಕೆ ಅದೇನು ಹವಾಮಾನಾನಾ?”

‘ಈ ದರವನ್ನು ನಾವು ಮುಂದೆ ಬದಲಿಸಬಹುದು, ಬದಲಿಸುವ ಮೊದಲು ನಿಮಗೆ ತಿಳಿಸುತ್ತೇವೆ’ ಎಂದಾಯಿತು. ಮುಗಿಯುವ ಹೊತ್ತಿಗೆ ಕಾಗದ ಹೀಗಿತ್ತು:

‘ಬಡ್ಡಿ ವರ್ಷಕ್ಕೆ ನೂರಕ್ಕೆ ಒಂಬತ್ತು. ಇದು ತಿಂಗಳ ಬಡ್ಡಿಯಲ್ಲ. ತಿಂಗಳ ಲೆಕ್ಕದಲ್ಲಿ ನೂರಕ್ಕೆ ಮುಕ್ಕಾಲು ಮಾತ್ರ. ಒಂದು ವರ್ಷ ತೆಗೆಯದೆ ಇಟ್ಟವರಿಗೆ ಈ ದರ. ಬೇಕಾದಾಗ ತೆಗೆಯುವಂತೆ ಇಟ್ಟವರಿಗೆ ವರ್ಷಕ್ಕೆ ನೂರಕ್ಕೆ ನಾಲ್ಕು. ಈ ದರವನ್ನು ನಾವು ಮುಂದೆ ಬದಲಿಸಬಹುದು, ಬದಲಿಸುವ ಮೊದಲು ನಿಮಗೆ ತಿಳಿಸುತ್ತೇವೆ. ಬಡ್ಡಿಯನ್ನು ರೂಪಾಯಿಯಲ್ಲಿ ಕೊಡುವುದಿಲ್ಲ, ನೀವು ಇಟ್ಟ ಕಾಯಿನ್ನಿನಲ್ಲೇ ಕೊಡುತ್ತೇವೆ. ನೂರು ಕಾಯಿನ್ ಇಟ್ಟರೆ ವರ್ಷದ ಕೊನೆಗೆ ನೂರ ಒಂಬತ್ತು ಆಗುತ್ತದೆ. ಆದರೆ ಕಾಯಿನ್ನಿನ ಬೆಲೆ ಬಿದ್ದರೆ ಬಡ್ಡಿ ಸೇರಿದ ಮೇಲೂ ನೀವು ಹಾಕಿದ ರೂಪಾಯಿಗಿಂತ ಕಡಿಮೆ ಸಿಗಬಹುದು. ಇದು ಬ್ಯಾಂಕಿನ ಠೇವಣಿಯಲ್ಲ. ಬ್ಯಾಂಕಿನ ಠೇವಣಿಗೆ ಇರುವಂಥ ವಿಮೆ ಇದಕ್ಕಿಲ್ಲ. ಮಗ್ಗ, ಹಸು, ಜಮೀನು ಮಾರಿ ಇಡಬೇಡಿ.’

ಎಲ್ಲ ಅಕ್ಷರವೂ ಒಂದೇ ಗಾತ್ರ. ನಕ್ಷತ್ರ ಇರಲಿಲ್ಲ.

ಅವಳು ಅದನ್ನು ಮೋಕ್ಷಿತ್‌ಗೆ ಕಳಿಸಿದಳು. ಸ್ವಲ್ಪ ಹೊತ್ತಿಗೇ ಅವನ ಫೋನು ಬಂತು. ಮಗ್ಗದ ಸದ್ದಿಗೆ ಕೇಳಿಸದೆಂದು ಅವಳು ಸ್ಪೀಕರಿಗೆ ಹಾಕಿದಳು, ಹಾಗಾಗಿ ನಮಗೂ ಕೇಳಿಸಿತು.

“ಶ್ವೇತ, ಏನ್ರೀ ಇದು? ದುಡ್ಡು ಇಡಿ ಅಂತ ಹೇಳಿ ಅಂದ್ರೆ ಇಡ್ಬೇಡಿ ಅಂತ ಬರ್ದಿದೀರಲ್ರೀ!”

“ಇಡೋರು ಏನಂತ ತಿಳ್ಕೊಂಡು ಇಡ್ಲಿ ಅಂತ ಬರ್ದಿದೀನಿ.”

“ಇಷ್ಟುದ್ದ ಯಾರು ಓದ್ತಾರೆ?”

ರಾಮಲಿಂಗ ಫೋನಿನ ಕಡೆ ಬಾಗಿದ. “ನಾನ್ ಓದ್ತೀನಪ್ಪ!”

“ಯಾರದು?”

“ನಮ್ ತಾತ. ಹಳೇ ಪಟ ನೋಡಿ ತಿಂಗಳಿಗೆ ಒಂಬತ್ತು ಅಂತ ತಿಳ್ಕೊಂಡು ಮಗ್ಗ ಮಾರ್ಬಿಟ್ಟಿದ್ರು.”

“ಅವ್ರಿಗೆ ವಯಸ್ಸಾಗಿದೆ, ಬಿಡಿ. ನಮ್ ಗಿರಾಕಿಗಳು ಹಂಗಲ್ಲ.”

“ಸರಿ, ಒಂದು ಕೆಲಸ ಮಾಡಿ. ಮನೆಗೆ ಹೋದಾಗ ಹಳೇದನ್ನ ನಿಮ್ ತಂದೆಗೆ ತೋರಿಸಿ. ಬಡ್ಡಿ ಎಷ್ಟು ಅಂತ ಕೇಳಿ. ನೀವೇನೂ ಹೇಳ್ಕೊಡ್ಬೇಡಿ. ಅವ್ರು ಸರಿಯಾಗಿ ಹೇಳಿದ್ರೆ ಹಳೇದನ್ನೇ ಕಳ್ಸಿ. ನನ್ ಹೆಸರು ಮಾತ್ರ ತೆಗೆದ್ಬಿಡಿ.”

ಮೋಕ್ಷಿತ್ ನಕ್ಕು ಆಗಲಿ ಎಂದ. ಫೋನಿಟ್ಟ ಮೇಲೆ ಶ್ವೇತ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

“ಕೆಲಸ ಹೋದ್ರೆ ಏನಜ್ಜಿ ಮಾಡೋದು?”

“ಅವರೆಕಾಳು ಹಿತುಕು,” ಎಂದೆ. ಅವಳು ಅಳುತ್ತಲೇ ನಕ್ಕಳು. ಆ ರಾತ್ರಿ ಸಾರು ಚೆನ್ನಾಗಿತ್ತೆಂದು ಅರುಣಾ ಹೇಳಿದಳು. ನಮ್ಮಿಬ್ಬರಿಗೂ ರುಚಿ ಗೊತ್ತಾಗಲಿಲ್ಲ.

ಮಾರನೆಯ ದಿನ ಮೋಕ್ಷಿತ್ ಫೋನು ಮಾಡಲಿಲ್ಲ. ರಾಮಲಿಂಗ ಬೀರೇಶನ ಮುಂಗಡ ಹಿಂದಿರುಗಿಸಿ, ಟೆಂಪೊ ಬಾಡಿಗೆ ಕೊಟ್ಟು, ಚಹಾ ಕುಡಿಸಿ ಕಳಿಸಿದನಂತೆ. ಆಮೇಲೆ ಏನೂ ಆಗದವನಂತೆ ಮಗ್ಗಕ್ಕೆ ಹೊಸ ಹಾಸು ನೂಲು ಏರಿಸಿದ. ಶ್ವೇತ ಫೋನನ್ನು ಅಡುಗೆಮನೆಗೂ ಒಯ್ದಳು, ಬಚ್ಚಲಿಗೂ ಒಯ್ದಳು.

ಫೋನು ಬಂದದ್ದು ಅದರ ಮಾರನೆಯ ದಿನ, ಊಟದ ಹೊತ್ತಿಗೆ. ರಾಮಲಿಂಗನೂ ಇದ್ದ. ‘ಸುಮ್ನೆ ಬಂದೆ’ ಎಂದ, ಆದರೆ ಯಾಕೆ ಬಂದಿದ್ದನೆಂದು ಎಲ್ಲರಿಗೂ ಗೊತ್ತಿತ್ತು.

“ಶ್ವೇತ, ಆ ತಾತ ಅಲ್ಲೇ ಇದಾರಾ?” ಎಂದ ಮೋಕ್ಷಿತ್.

“ಇದೀನಪ್ಪ, ಹೇಳು.”

“ತಾತ, ನಿಮ್ಮ ಹತ್ರ ಏನಂತ ಹೇಳ್ಲಿ. ನಮ್ಮಪ್ಪ ಹೊಸಕೋಟೇಲಿ ತರಕಾರಿ ವ್ಯಾಪಾರ. ಪಟ ತೋರಿಸ್ದೆ. ಬಡ್ಡಿ ಎಷ್ಟಪ್ಪ ಅಂದೆ. ಒಂಬತ್ತು ಅಂದ್ರು. ಸರಿಯಾಗೇ ಹೇಳಿದ್ರಲ್ಲ ಅಂತ ಖುಷಿಯಾಯ್ತು. ಆಮೇಲೆ ನನ್ನನ್ನ ಪಕ್ಕಕ್ಕೆ ಕರ್ಕೊಂಡೋಗಿ, ‘ಲೋ, ವಾರಕ್ಕೆ ಒಂಬತ್ತು ಕೊಡ್ತೀನಿ ಅನ್ನೋರು ಕಳ್ಳರೇ ಇರ್ಬೇಕು, ನಾಳೆಯಿಂದ ಕೆಲಸಕ್ಕೆ ಹೋಗ್ಬೇಡ’ ಅಂದ್ಬಿಟ್ರು!”

“ವಾರಕ್ಕಾ?” ಎಂದಳು ಶ್ವೇತ.

“ಅವ್ರು ಮಾಲು ಹಾಕ್ಸೋಕೆ ತಗೊಳ್ಳೋ ಸಾಲಕ್ಕೆ ವಾರದ ಲೆಕ್ಕ ಕಣ್ರೀ! ಎರಡು ದಿನದಿಂದ ಮನೇಲಿ ಪಂಚಾಯ್ತಿ. ಅಮ್ಮ ಅಳ್ತಾವ್ರೆ. ವರ್ಷಕ್ಕಮ್ಮ, ವರ್ಷಕ್ಕೆ ಅಂತ ಹೇಳಿ ಹೇಳಿ ಸಾಕಾಯ್ತು.”

ರಾಮಲಿಂಗ ನಗುವುದಕ್ಕೆ ಶುರುಮಾಡಿದವನು ಕೆಮ್ಮು ಬರುವವರೆಗೂ ನಕ್ಕ. “ನಿಮ್ಮಪ್ಪನ್ನ ನಮ್ಮೂರಿಗೆ ಕರ್ಕೊಂಬಾರಪ್ಪ. ನಾವಿಬ್ರೂ ಸೇರ್ಕೊಂಡು ನಿಮ್ ಕಂಪ್ನಿ ನಡೆಸ್ತೀವಿ.”

ಮೋಕ್ಷಿತ್ ಹೊಸ ಕಾಗದವನ್ನು ಮೇಲಿನವರಿಗೆ ತೋರಿಸಿ, ಗುದ್ದಾಡಿ, ಒಪ್ಪಿಸಿದ್ದ. ಪೂರ್ತಿ ಗೆಲುವೇನಲ್ಲ. ಮಲಗಿದ ದುಡ್ಡನ್ನು ಎಬ್ಬಿಸುವ ಸಾಲು ಯಾರಿಗೋ ಬಹಳ ಇಷ್ಟವಂತೆ, ಅದು ಮೊದಲಲ್ಲೇ ಉಳಿಯಿತು. ‘ಮಗ್ಗ, ಹಸು, ಜಮೀನು’ ಬೇಡವೇ ಬೇಡವೆಂದರು. ಅದರ ಬದಲು ಶ್ವೇತ ಅಲ್ಲೇ ಕೂತು, ‘ಹೋದರೆ ಸಂಸಾರಕ್ಕೆ ಪೆಟ್ಟು ಬೀಳುವಂಥ ಹಣವನ್ನು ಇಡಬೇಡಿ’ ಎಂದು ಬರೆದಳು. ಅದಕ್ಕೆ ಒಪ್ಪಿದರು. ‘ವರ್ಷಕ್ಕೆ’ ಎಂಬ ಮಾತು ಒಂಬತ್ತರಷ್ಟೇ ದಪ್ಪಕ್ಕೆ, ಅದರ ಪಕ್ಕದಲ್ಲೇ ನಿಂತಿತು. ‘ಇದು ತಿಂಗಳ ಬಡ್ಡಿಯಲ್ಲ’ ಎಂಬುದರ ಪಕ್ಕ ಮೋಕ್ಷಿತ್ ತಾನೇ ಎರಡು ಪದ ಸೇರಿಸಿದ್ದ: ‘ವಾರದ್ದೂ ಅಲ್ಲ.’

“ಕೆಳಗೆ ಹೆಸರು ಹಾಕ್ಲಾ?” ಎಂದು ಕೇಳಿದ.

“ಹಾಕಿ,” ಎಂದಳು ಶ್ವೇತ. “ನಾನೇ ಕಳಿಸ್ತೀನಿ.”

ಕಳಿಸುವ ಮುಂಚೆ ಒಮ್ಮೆ ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ರಾಮಲಿಂಗ ಕಣ್ಣುಮುಚ್ಚಿ ಕೇಳಿದ. ಆಮೇಲೆ ಜೇಬಿಗೆ ಕೈಹಾಕಿದ.

“ತಗೊಳವ್ವ, ನಂದೊಂದು ಸಾವಿರ ಇಡು. ಹೋದ್ರೆ ಹೋಗ್ಲಿ. ನಿನ್ ಮುಖ ನೋಡಿ ಇಡ್ತಿದೀನಿ.”

“ಬೇಡ ತಾತ.” ಅವಳು ಅವನ ಕೈಯನ್ನು ಹಿಂದಕ್ಕೆ ತಳ್ಳಿದಳು. “ನನ್ ಮುಖ ನೋಡಿ ಇಡ್ಬೇಡ. ಅದಕ್ಕೇ ಇಷ್ಟೆಲ್ಲ ಬರ್ದಿದ್ದು. ಕಾಗದ ಓದಿ, ಬೇಕು ಅನ್ಸಿದ್ರೆ ಇಡು.”

“ಕಾಗದ ಕೇಳಿದ್ಮೇಲೆ ಬೇಡ ಅನ್ಸ್ತದೆ ಕಣವ್ವ.”

“ಹಂಗಾದ್ರೆ ಬೇಡ.”

“ನಿಂಗೆ ಬೇಜಾರಿಲ್ವಾ?”

“ಯಾಕ್ ಬೇಜಾರು? ನಿಂಗೆ ಅರ್ಥ ಆಯ್ತಲ್ಲ.”

ಅವನು ನೋಟನ್ನು ಜೇಬಿಗೆ ಹಾಕಿಕೊಂಡು, ಬೇರೆ ಕಡೆ ನೋಡುತ್ತ, ಅವಳ ತಲೆಯ ಮೇಲೆ ಕೈಯಿಟ್ಟ. ನಾನೂ ಬೇರೆ ಕಡೆ ನೋಡಿದೆ.

ಶ್ವೇತ ಕಳಿಸುವ ಗುಂಡಿ ಒತ್ತಿದಳು. ಒತ್ತಿದ್ದೇ ತಡ, ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಕರೆಂಟು ಹೋಗಿತ್ತು.

“ಹೋಯ್ತಾ?” ಎಂದೆ. ಆ ನಿಶ್ಶಬ್ದದಲ್ಲಿ ನನ್ನ ದನಿ ನನಗೇ ಕೂಗಿದ ಹಾಗೆ ಕೇಳಿಸಿತು.

“ಕರೆಂಟ್ ಹೋಯ್ತು. ಕಾಗದ ಹೋಗ್ಲಿಲ್ಲ. ವೈಫೈ ಆಫ್ ಆಯ್ತು. ಗಿರಗಿರ ತಿರುಗ್ತಾ ಇದೆ.” ಅವಳು ತಲೆ ಚಚ್ಚಿಕೊಂಡಳು. “ದಸರೆಯಿಂದ ಕಾದು ಕಾದು ಈಗ್ಲೇನಾ! ನನ್ ಫೋನಲ್ಲಿ ಇವತ್ತಿನ ಡೇಟಾನೂ ಖಾಲಿ.”

“ನನ್ ಫೋನಲ್ಲಿ ನೆಟ್ಟಿದೆ,” ಎಂದ ರಾಮಲಿಂಗ ಗತ್ತಿನಿಂದ. “ದಿನಕ್ಕೆ ಎರಡು ಜೀಬಿ. ನಾನೇನ್ ಖರ್ಚು ಮಾಡ್ತೀನಿ?”

“ಕೊಡು ತಾತ. ಹಾಟ್‌ಸ್ಪಾಟ್ ಪಾಸ್‌ವರ್ಡ್ ಏನು?”

ಅವನು ನನ್ನನ್ನೂ ಬಾಗಿಲಲ್ಲಿದ್ದ ಅರುಣಾಳನ್ನೂ ನೋಡಿ, ಎದ್ದುಹೋಗಿ ಶ್ವೇತನ ಕಿವಿಯಲ್ಲಿ ಏನೋ ಹೇಳಿದ. ಅವಳು ಕಿಸಕ್ಕನೆ ನಕ್ಕು, “ಅಜ್ಜಿ ಹೆಸರಾ ತಾತ? ಅದ್ರ ಮುಂದೆ ಚಿನ್ನ ಅಂತ ಬೇರೆ?” ಎಂದಳು.

“ಜೋರಾಗಿ ಹೇಳ್ಬಾರ್ದು ಕಣೆ, ಲೇ!”

ಅವನ ಹೆಂಡತಿಯ ಹೆಸರದು. ಮುಂದೆ ಎಷ್ಟೋ ದಿನ ಅವನನ್ನು ರೇಗಿಸಲು ನಮಗೆ ಇಷ್ಟು ಸಾಕಾಗಿತ್ತು. ಆ ಹೊತ್ತಿಗೆ ಮಾತ್ರ ನಾವೆಲ್ಲ ಪರದೆಯ ಸುತ್ತ ತಲೆ ಜೋಡಿಸಿ ನಿಂತೆವು. ಅರುಣಾಳ ಕೈಯಲ್ಲಿ ನೂಲಿನ ಎಳೆ ಹಾಗೇ ಇತ್ತು. ತಿರುಗುತ್ತಿದ್ದ ಚಕ್ರ ಇನ್ನೊಂದು ಸುತ್ತು ಬಂದು ಮಾಯವಾಯಿತು.

“ಹೋಯ್ತು,” ಎಂದಳು ಶ್ವೇತ.